ಸ್ಲೋ ಸಾಂಗಿಗೆ ನಾಲ್ಕು ನಿಮಿಷ ಬಿಡಿ

ಊರ ಹಬ್ಬದ ಸುದ್ದಿ ಪೇಪರಿನಲ್ಲಿ ಬಂದಾಗ ಕೊನೇ ಸಾಲು ಗಮನಿಸಿ. ‘ನಂತರ ರಸಮಂಜರಿ ಕಾರ್ಯಕ್ರಮ ನಡೆಯಿತು.’ ಅಷ್ಟೇ. ಅದಕ್ಕೆ ಮುಂಚೆ ದೀಪ ಬೆಳಗಿದವರು, ಅಧ್ಯಕ್ಷತೆ ವಹಿಸಿದವರು, ಸನ್ಮಾನ ಮಾಡಿಸಿಕೊಂಡವರು, ವೇದಿಕೆಯಲ್ಲಿ ಉಪಸ್ಥಿತರಿದ್ದವರು ಎಲ್ಲರ ಹೆಸರೂ ಇನಿಷಿಯಲ್ ಸಮೇತ ಇರುತ್ತೆ. ರಾತ್ರಿ ಹತ್ತರ ತನಕ ನಿಂತು ಹಾಡಿದವರ ಹೆಸರು ಇರಲ್ಲ. ಪೇಪರಿನಲ್ಲಿ ನಮಗೆ ಸಿಗೋದೇ ಅಂಗೈ ಅಗಲದ ಜಾಗ. ಗಣ್ಯರ ಹೆಸರಿಗೇ ಅದು ತುಂಬಿ ಹೋಗುತ್ತೆ.

ಡಿಪ್ಲೊಮಾ ಮುಗಿಸಿ ಸ್ಟ್ರಿಂಗರ್ ಕೆಲಸಕ್ಕೆ ಬಂದು ಹತ್ತು ವರ್ಷದ ಮೇಲಾಯ್ತು. ನನ್ನದು ಹಾಸನ ಜಿಲ್ಲೆ, ಅರಸೀಕೆರೆ ಸುತ್ತಮುತ್ತ. ಗಣಪತಿ, ರಾಜ್ಯೋತ್ಸವ, ಜಾತ್ರೆ ಅಂತ ವರ್ಷಕ್ಕೆ ಇಪ್ಪತ್ತು ಮೂವತ್ತು ರಸಮಂಜರಿಗಾದ್ರೂ ಹೋಗ್ತೀನಿ. ಭಾಷಣ ಮುಗಿದ ಮೇಲೆ ಬೈಕ್ ಹತ್ತಿ ಮನೆಗೆ ಬರಬಹುದು. ನನ್ನ ಸುದ್ದಿ ಅಲ್ಲಿಗೆ ಮುಗೀತು. ಆದ್ರೂ ಎಷ್ಟೋ ಸಲ ಉಳಿದುಬಿಡ್ತೀನಿ. ಪೆಂಡಾಲಿನ ಹಿಂದೆ ಬೈಕಿಗೆ ಒರಗಿಕೊಂಡು ಒಂದು ಹಾಡಿಗೆ ಕಾಯ್ತೀನಿ. ಆ ಹಾಡು ‘ನಗುವ ನಯನ’. ಇವತ್ತು ಅದರ ಬಗ್ಗೆ, ಅದನ್ನ ಸ್ಟೇಜ್ ಮೇಲೆ ಹಾಡೋರ ಬಗ್ಗೆ ಬರೀತೀನಿ. ಇಲ್ಲಿ ಜಾಗಕ್ಕೆ ಬರವಿಲ್ಲ.

ಹಾಡು ಎಲ್ಲಿಂದ ಬಂತು

ಸಿನಿಮಾ ಹೆಸರು ಪಲ್ಲವಿ ಅನುಪಲ್ಲವಿ. 1983ರಲ್ಲಿ ತೆರೆಗೆ ಬಂತು. ನಾನಿನ್ನೂ ಹುಟ್ಟಿರಲಿಲ್ಲ. ರೋಜಾ, ಬಾಂಬೆ ಮಾಡಿದ ಮಣಿರತ್ನಂ ಇದ್ದಾರಲ್ಲ, ಅವರ ಮೊಟ್ಟಮೊದಲ ಸಿನಿಮಾ ಇದು, ಅದೂ ಕನ್ನಡದಲ್ಲಿ. ಹೀರೊ ಅನಿಲ್ ಕಪೂರ್. ಜೊತೆಗೆ ಲಕ್ಷ್ಮಿ, ಕಿರಣ್ ವೈರಾಲೆ. ಕ್ಯಾಮೆರಾ ಬಾಲು ಮಹೇಂದ್ರ ಅವರದು. ಸಂಗೀತ ಇಳಯರಾಜ. ಆಗಲೇ ಅವರು ದೊಡ್ಡ ಹೆಸರು. ಹೊಸ ಹುಡುಗನ ಸಿನಿಮಾ ಅಂತ, ಮಾಮೂಲಿ ಸಂಭಾವನೆಯ ಐದನೇ ಒಂದು ಭಾಗಕ್ಕೆ ಅವರು ಒಪ್ಪಿಕೊಂಡರು ಅಂತ ಮಣಿರತ್ನಂ ಆಮೇಲೆ ಹೇಳಿಕೊಂಡಿದ್ದಾರೆ.

ಹಾಡಿದವರು ಎಸ್.ಪಿ. ಬಾಲಸುಬ್ರಹ್ಮಣ್ಯಂ ಮತ್ತು ಎಸ್. ಜಾನಕಿ. ಇಬ್ಬರೂ ತೆಲುಗಿನವರು. ನಿರ್ದೇಶಕರು, ಸಂಗೀತ ನಿರ್ದೇಶಕರು ತಮಿಳುನಾಡಿನವರು, ಹೀರೊ ಮುಂಬೈನವರು. ಹಾಡಿನ ಮಾತು ಮಾತ್ರ ನಮ್ಮವರದ್ದು. ಬರೆದವರು ಆರ್.ಎನ್. ಜಯಗೋಪಾಲ್. ಹಳೇ ಸಿನಿಮಾ ನೋಡೋರಿಗೆ ಅವರ ತಂದೆ ಆರ್. ನಾಗೇಂದ್ರರಾಯರು ಗೊತ್ತಿರ್ತಾರೆ. ನಮ್ಮಲ್ಲಿ ಬಹಳ ಜನ ಈ ಸಿನಿಮಾ ನೋಡಿಲ್ಲ. ಕೇಳಿ ನೋಡಿ ಬೇಕಾದ್ರೆ, ಕಥೆ ಹೇಳೋಕೆ ಬರಲ್ಲ. ಹಾಡು ಮಾತ್ರ ಗೊತ್ತು. ರೇಡಿಯೊದಲ್ಲಿ ಕೇಳಿದ್ದಾರೆ, ಕ್ಯಾಸೆಟ್ಟಿನಲ್ಲಿ ಕೇಳಿದ್ದಾರೆ, ರಾತ್ರಿ ಬಸ್ಸಿನಲ್ಲಿ ಡ್ರೈವರ್ ಹಾಕಿದ್ದು ಕೇಳಿದ್ದಾರೆ. ಮೊಬೈಲಿನ ಐಡಿಯಾ ಕಂಪನಿಯ ಜಾಹೀರಾತಿನ ಟ್ಯೂನ್ ನೆನಪಿದೆಯಾ? ಅದೂ ಇದೇ ಸಿನಿಮಾದ ಸಂಗೀತದಿಂದ ತಗೊಂಡದ್ದು.

ಇದೇ ಮೂವರು, ಅಂದ್ರೆ ಇಳಯರಾಜ, ಎಸ್‌ಪಿಬಿ, ಜಾನಕಿ, ಎರಡು ವರ್ಷ ಮುಂಚೆ ಶಂಕರ್‌ನಾಗ್ ಅವರ ಗೀತಾ ಸಿನಿಮಾಕ್ಕೆ ‘ಜೊತೆಯಲಿ’ ಹಾಡು ಕೊಟ್ಟಿದ್ದರು. ಅದೇ ಟ್ಯೂನು ಮುಂದೆ ತಮಿಳಿಗೆ ಹೋಯ್ತು, 2007ರಲ್ಲಿ ಚೀನಿ ಕಮ್ ಸಿನಿಮಾದಿಂದ ಹಿಂದಿಗೂ ಹೋಯ್ತು. ಅದು ಕುದುರೆ ಹಾಗೆ ಓಡೋ ಹಾಡು. ಸ್ಟೇಜ್ ಮೇಲೆ ಶುರು ಮಾಡಿದರೆ ಸಾಕು, ಜನರೇ ಹೊತ್ತುಕೊಂಡು ಹೋಗ್ತಾರೆ. ‘ನಗುವ ನಯನ’ ಹಾಗಲ್ಲ. ಅದು ನಿಧಾನ. ಕಣ್ಣು ನಗ್ತಾ ಇರುವಾಗ ಮಾತು ಯಾಕೆ ಬೇಕು ಅನ್ನೋ ಅರ್ಥದ ಹಾಡು. ಮೌನದ ಮೇಲೆ ಬರೆದ ಹಾಡನ್ನ ಹದಿನಾರು ಬಾಕ್ಸ್ ಸ್ಪೀಕರ್ ಇಟ್ಟು, ಜನರೇಟರ್ ಓಡಿಸಿಕೊಂಡು, ಕಡ್ಲೆಪುರಿ ಗಾಡಿಗಳ ನಡುವೆ ಹಾಡಬೇಕು. ತಮಾಷೆ ಅನ್ನಿಸುತ್ತೆ, ಆದ್ರೆ ಕೆಲವು ಸಲ ಅದು ಸಾಧ್ಯ ಆಗುತ್ತೆ.

ಯಾಕೆ ಕಷ್ಟ

ನನ್ನ ಗೆಳೆಯ ಒಬ್ಬ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸ್ತಾನೆ. ಹಗಲು ಲಗೇಜ್ ಆಟೊ ಓಡಿಸ್ತಾನೆ. ಒಂದು ಸಲ ಟೀ ಅಂಗಡಿಯಲ್ಲಿ ಕೇಳಿದೆ, “ಯಾಕೋ ಈ ಹಾಡು ಹಾಡೋಕೆ ನಿಮ್ಮ ಓನರ್ ಹೆದರ್ತಾರೆ?”

“ಅವರು ಹೆದರೋದು ಜನಕ್ಕೆ ಗುರು. ನಾನು ಹೆದರೋದು ಹಾಡಿಗೆ” ಅಂದ.

ಆಮೇಲೆ ಬಿಡಿಸಿ ಹೇಳಿದ. ಡ್ಯಾನ್ಸ್ ಹಾಡಿನಲ್ಲಿ ರಿದಂ ಪ್ಯಾಡ್ ಹೊಡೀತಾ ಇರುತ್ತೆ, ಬೇಸ್ ಎದೆಗೆ ಗುದ್ದುತ್ತೆ, ಕೆಳಗೆ ಹುಡುಗರು ಶಿಳ್ಳೆ ಹೊಡೀತಾರೆ. ಹಾಡೋರ ಶ್ರುತಿ ಒಂದು ಕೂದಲು ಆ ಕಡೆ ಈ ಕಡೆ ಹೋದ್ರೂ ಯಾರಿಗೂ ಗೊತ್ತಾಗಲ್ಲ. ಸ್ಲೋ ಸಾಂಗಿನಲ್ಲಿ ಮುಚ್ಚಿಕೊಳ್ಳೋಕೆ ಏನೂ ಇಲ್ಲ. ಒಂದು ಸ್ವರ ಹಿಡಿದರೆ ಅದು ನಿಲ್ಲಬೇಕು. ಉಸಿರು ಎಲ್ಲಿ ತಗೊಂಡರು ಅನ್ನೋದು ಮೈಕಿನಲ್ಲಿ ಕೇಳುತ್ತೆ. ರೆಕಾರ್ಡಿಂಗ್ ಕಾಲದಲ್ಲಿ ಹತ್ತಾರು ವಾದ್ಯದವರು ಒಟ್ಟಿಗೆ ಕೂತು ನುಡಿಸೋರು. ಸ್ಟೇಜ್ ಮೇಲೆ ಅವರೆಲ್ಲರ ಕೆಲಸವನ್ನ ಒಂದು ಕೀಬೋರ್ಡು, ಒಂದು ಗಿಟಾರು ಮಾಡಬೇಕು. ಪಿಟೀಲುಗಳ ಗುಂಪು ಇರೋ ಕಡೆ ಇವನು ಎಡಗೈಯಲ್ಲಿ ಸ್ಟ್ರಿಂಗ್ಸ್ ಟೋನ್ ಹಿಡಿದು, ಬಲಗೈಯಲ್ಲಿ ಮಧ್ಯದ ಮ್ಯೂಸಿಕ್ ನುಡಿಸಬೇಕು.

ಮೈಕ್‌ಸೆಟ್ಟಿನ ಹುಡುಗನ ಪಾತ್ರ ಇನ್ನೂ ದೊಡ್ಡದು. ಎಕೋ ಜಾಸ್ತಿ ಇಟ್ಟರೆ ಒಂದು ಪದದ ಬಾಲ ಇನ್ನೊಂದು ಪದದ ಮೇಲೆ ಬಿದ್ದು ಕಲಸುಮೇಲೋಗರ ಆಗುತ್ತೆ. ಪೂರ್ತಿ ತೆಗೆದರೆ ದನಿ ಒಣಗಿದ ಹಾಗೆ ಕೇಳುತ್ತೆ. ಮೆತ್ತಗೆ ಹಾಡುವಾಗ ಮೈಕು ತುಟಿ ಹತ್ತಿರ ಇರಬೇಕು, ದನಿ ಮೇಲೆ ಹೋದಾಗ ದೂರ ಸರಿಸಬೇಕು. ಇದನ್ನ ಕಲಿತವರು ನಮ್ಮ ಕಡೆ ಕೆಲವರೇ.

ಜನಕ್ಕೆ ಹೆದರೋ ಓನರ್‌ಗಳು ಒಂದು ಉಪಾಯ ಮಾಡ್ತಾರೆ. ಟೆಂಪೊ ಎತ್ತಿಬಿಡ್ತಾರೆ. ಹಿಂದೆ ಒಂದು ರೆಡಿಮೇಡ್ ಬೀಟ್ ಹಾಕಿ, ನಿಧಾನದ ಹಾಡನ್ನ ಓಡಿಸ್ತಾರೆ. ಒಂದು ಜಾತ್ರೆಯಲ್ಲಿ ಹೀಗೆ ಕೇಳಿದ್ದೀನಿ. ಕುಣಿಯೋರು ಎದ್ದು ನಿಂತು, ಹೆಜ್ಜೆ ಸಿಗದೆ ಮತ್ತೆ ಕೂತರು. ಕೇಳೋರು ಮೊಬೈಲ್ ತೆಗೆದರು. ಅತ್ತ ಕುಣಿತವೂ ಇಲ್ಲ, ಇತ್ತ ಹಾಡೂ ಇಲ್ಲ. ಇನ್ನೊಂದು ಊರಿನಲ್ಲಿ ಒಬ್ಬರೇ ಗಾಯಕರು ಗಂಡು ದನಿ, ಹೆಣ್ಣು ದನಿ ಎರಡನ್ನೂ ಹಾಡಿದರು. ಆ ವಿದ್ಯೆ ಸಣ್ಣದಲ್ಲ, ಶಿಳ್ಳೆಯೂ ಬಿತ್ತು. ಆದ್ರೆ ಜನ ಮೆಚ್ಚಿದ್ದು ಅವರ ಗಂಟಲನ್ನ. ಈ ಹಾಡಿನ ಜೀವ ಇರೋದು ಒಬ್ಬರು ಬಿಟ್ಟ ಕಡೆ ಇನ್ನೊಬ್ಬರು ಹಿಡಿಯೋದರಲ್ಲಿ. ಒಬ್ಬರೇ ಬಿಟ್ಟು ಒಬ್ಬರೇ ಹಿಡಿದರೆ ಕಾಯೋದು ಅನ್ನೋದೇ ಇರಲ್ಲ.

ಎಸ್‌ಪಿಬಿ ಸ್ಟೇಜ್ ಮೇಲೆ

ಎಸ್‌ಪಿಬಿ ಅವರನ್ನ ನಾನು ಎದುರಿಗೆ ಕೇಳಿದವನಲ್ಲ. ನನ್ನ ಹಾಗೆ ನಿಮ್ಮಲ್ಲೂ ಬಹಳ ಜನ ಅವರನ್ನ ಈಟಿವಿಯ ಎದೆ ತುಂಬಿ ಹಾಡುವೆನು ಕಾರ್ಯಕ್ರಮದಲ್ಲಿ, ಆಮೇಲೆ ಯೂಟ್ಯೂಬಿನಲ್ಲಿ ನೋಡಿದವರು. ಅವರ ಲೈವ್ ವಿಡಿಯೊಗಳನ್ನ ಗಮನ ಇಟ್ಟು ನೋಡಿ. ಮುಂದೆ ಸ್ಟ್ಯಾಂಡಿನ ಮೇಲೆ ಸಾಹಿತ್ಯದ ಹಾಳೆ ಇರುತ್ತೆ. ಸಾವಿರಾರು ಹಾಡು ಹಾಡಿದವರು, ತಾವೇ ಹಾಡಿದ ಹಾಡಿಗೂ ಹಾಳೆ ಇಟ್ಟುಕೊಳ್ಳೋರು. ನಮ್ಮ ಆರ್ಕೆಸ್ಟ್ರಾದ ಹುಡುಗರು ಮೊಬೈಲ್ ನೋಡಿಕೊಂಡು ಹಾಡಿದರೆ ನಗೋರು ಇದನ್ನ ನೋಡಬೇಕು. ಕೊಳಲಿನವರು ಚೆನ್ನಾಗಿ ನುಡಿಸಿದರೆ ಕೈ ತೋರಿಸಿ ಅವರಿಗೆ ಚಪ್ಪಾಳೆ ಹೊಡೆಸೋರು. ಹಾಡಿನ ನಡುವೆ ಸಣ್ಣ ನಗು ಸೇರಿಸೋರು. ರೆಕಾರ್ಡಿನಲ್ಲಿ ಇಲ್ಲದ ಒಂದು ತಿರುವು ಕೊಟ್ಟು, ಜೊತೆಯಲ್ಲಿ ಹಾಡೋರ ಮುಖ ನೋಡೋರು.

1967ರಲ್ಲಿ ನಕ್ಕರೆ ಅದೇ ಸ್ವರ್ಗ ಸಿನಿಮಾಕ್ಕೆ ಅವರು ಕನ್ನಡದಲ್ಲಿ ಮೊದಲ ಹಾಡು ಹಾಡಿದ್ದು. ಐವತ್ತು ವರ್ಷ ಆಯ್ತು ಅಂತ ಲೋಕವೆಲ್ಲ ಸುತ್ತಿ ಕಛೇರಿ ಮಾಡ್ತಾ ಇದ್ದಾಗ, 2017ರ ಮಾರ್ಚ್‌ನಲ್ಲಿ, ಇಳಯರಾಜ ಕಡೆಯಿಂದ ಲಾಯರ್ ನೋಟಿಸ್ ಬಂತು. ಅನುಮತಿ ಇಲ್ಲದೆ ನನ್ನ ಹಾಡುಗಳನ್ನ ಸ್ಟೇಜ್ ಮೇಲೆ ಹಾಡಬಾರದು ಅಂತ. ಎಸ್‌ಪಿಬಿ ಫೇಸ್‌ಬುಕ್‌ನಲ್ಲಿ ವಿಷಯ ತಿಳಿಸಿದರು. ಕಾನೂನಿಗೆ ತಲೆಬಾಗ್ತೀನಿ, ಬೇರೆಯವರ ಸಂಗೀತದ ಹಾಡು ಹಾಡ್ತೀನಿ ಅಂದರು. ಯೋಚನೆ ಮಾಡಿ, ‘ನಗುವ ನಯನ’ ಹಾಡಿದ ಗಂಟಲಿಗೇ ಅದನ್ನ ಹಾಡೋ ಹಾಗಿಲ್ಲ ಅನ್ನೋ ಸ್ಥಿತಿ ಬಂತು. ಇಬ್ಬರೂ ಹಳೇ ಗೆಳೆಯರು. ಎರಡು ವರ್ಷ ಆದ ಮೇಲೆ, 2019ರ ಜೂನ್‌ನಲ್ಲಿ, ಚೆನ್ನೈನ ಇಳಯರಾಜ ಕಛೇರಿಯಲ್ಲಿ ಮತ್ತೆ ಒಂದೇ ಸ್ಟೇಜ್ ಹತ್ತಿದರು.

ಆಗ ನಮ್ಮ ಟೀ ಅಂಗಡಿಯಲ್ಲಿ ಎರಡು ಪಾರ್ಟಿ ಆಗಿತ್ತು. ಟ್ಯೂನ್ ಮಾಡಿದವರದ್ದೇ ಹಾಡು ಅಂತ ಒಬ್ಬರು, ಹಾಡಿದವರದ್ದು ಅಂತ ಇನ್ನೊಬ್ಬರು. ಬರೆದ ಜಯಗೋಪಾಲ್ ಅವರ ಹೆಸರನ್ನ ಇಬ್ಬರೂ ಎತ್ತಲಿಲ್ಲ. ಸಂಗೀತ ಮಾಡಿದವರಿಗೆ ಅವರ ಪಾಲು ಸಿಗಬೇಕು, ಅದರಲ್ಲಿ ಎರಡು ಮಾತಿಲ್ಲ. ನನಗೆ ಅನ್ನಿಸಿದ್ದು ಇಷ್ಟು: ಕಾಗದದ ಮೇಲೆ ಹಾಡು ಯಾರದ್ದೇ ಇರಲಿ, ಅದು ಉಸಿರಾಡಬೇಕಾದರೆ ಯಾರೋ ಒಬ್ಬರು ನಿಂತು ಹಾಡಬೇಕು, ಇನ್ನಾರೋ ಸುಮ್ಮನಿದ್ದು ಕೇಳಬೇಕು.

ಅಕ್ಕ ಮತ್ತು ಜಾನಕಮ್ಮ

ನನ್ನ ಗೆಳೆಯನ ತಂಡದಲ್ಲಿ ಹಾಡೋ ಅಕ್ಕ ಒಬ್ಬರಿದ್ದಾರೆ. ವಯಸ್ಸು ನಲವತ್ತರ ಮೇಲೆ. ಹಗಲು ಬ್ಲೌಸ್ ಹೊಲೀತಾರೆ. ಒಂದು ರಾತ್ರಿ ಹಾಡಿದರೆ ಎರಡು ಸಾವಿರ ಸಿಗುತ್ತೆ. ಹೆಸರು ಬರೀಬೇಡಿ ಅಂದಿದ್ದಾರೆ, ಮಗಳಿಗೆ ಗಂಡು ನೋಡ್ತಾ ಇದ್ದಾರಂತೆ. ಆರ್ಕೆಸ್ಟ್ರಾದಲ್ಲಿ ಹಾಡೋ ಹೆಣ್ಣುಮಕ್ಕಳ ಬಗ್ಗೆ ನಮ್ಮ ಊರುಗಳು ಏನು ಮಾತಾಡ್ತವೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಹಾಡು ಕೇಳೋಕೂ ಬರ್ತಾರೆ, ಮಾರನೇ ದಿನ ಕಟ್ಟೆ ಮೇಲೆ ಕೂತು ಆಡಿಕೊಳ್ಳೋರೂ ಅವರೇ.

ಈ ಅಕ್ಕನಿಗೆ ‘ನಗುವ ನಯನ’ ಯಾಕೆ ಇಷ್ಟ ಅಂತ ಕೇಳಿದ್ದೆ. ರಾಗದ ಬಗ್ಗೆ ಹೇಳ್ತಾರೆ ಅಂದುಕೊಂಡಿದ್ದೆ.

“ಆ ಹಾಡಲ್ಲಿ ನಾನು ಕುಣೀಬೇಕಾಗಿಲ್ಲ ಸಾರ್” ಅಂದರು. “ಬೇರೆ ಹಾಡಿಗೆ ಓನರ್ ಹಿಂದಿನಿಂದ ಸನ್ನೆ ಮಾಡ್ತಾ ಇರ್ತಾರೆ, ಕೈ ಆಡಿಸಮ್ಮ, ಒಂದು ಸ್ಟೆಪ್ ಹಾಕಮ್ಮ, ಮುಂದಕ್ಕೆ ಹೋಗಮ್ಮ ಅಂತ. ಮುಂದಕ್ಕೆ ಹೋದ್ರೆ ಕೆಳಗಿರೋರು ಏನೇನೋ ಅಂತಾರೆ. ಇದೊಂದು ಹಾಡಿಗೆ ಯಾರೂ ಏನೂ ಅನ್ನಲ್ಲ. ನಿಂತಲ್ಲೇ ನಿಂತು ಹಾಡ್ತೀನಿ. ಜನ ನನ್ನ ಮುಖ ನೋಡ್ತಾರೆ.”

2017ರ ಅಕ್ಟೋಬರ್‌ನಲ್ಲಿ ಮೈಸೂರಿನಲ್ಲಿ ಎಸ್. ಜಾನಕಿ ಅವರ ವಿದಾಯದ ಕಾರ್ಯಕ್ರಮ ನಡೀತು. ಇನ್ನು ಸ್ಟೇಜ್ ಮೇಲೆ ಹಾಡಲ್ಲ ಅಂತ ಅವರು ಹೇಳಿದ್ದರು. ಆಗ ಅವರಿಗೆ 79 ವರ್ಷ. ಈ ಅಕ್ಕ ಅರಸೀಕೆರೆಯಿಂದ ಮೈಸೂರು ರೈಲು ಹತ್ತಿ, ತಂಗಿಯನ್ನ ಜೊತೆಗೆ ಕರ್ಕೊಂಡು ಹೋಗಿದ್ದರು. ಬಂದ ಮೇಲೆ ಯಾವ ಯಾವ ಹಾಡು ಹಾಡಿದರು ಅಂತ ಎಲ್ಲರೂ ಕೇಳಿದರೆ, ಇವರು ಹೇಳಿದ್ದು ಬೇರೆ. “ಜಾನಕಮ್ಮ ಅಲ್ಲಾಡಲ್ಲ ಸಾರ್. ಕಂಬದ ಹಾಗೆ ನಿಂತಿರ್ತಾರೆ. ಮಗು ದನಿ ಬರ್ಲಿ, ಅಜ್ಜಿ ದನಿ ಬರ್ಲಿ, ಮುಖದಲ್ಲಿ ಏನೂ ಇರಲ್ಲ. ಎಲ್ಲಾ ದನಿಯಲ್ಲೇ.”

ಹೌದು, ಜಾನಕಿ ಅವರು ಹಾಡುವಾಗ ಕೈ ಮೈ ಆಡಿಸಲ್ಲ ಅನ್ನೋದು ಸಂಗೀತದವರಿಗೆಲ್ಲ ಗೊತ್ತಿರೋ ವಿಷಯ. ಹಳೇ ವಿಡಿಯೊ ನೋಡಿದರೆ ನಿಮಗೂ ಕಾಣುತ್ತೆ. ಅಕ್ಕ ಅದನ್ನ ಕಣ್ಣಾರೆ ನೋಡಿ ಬಂದ ಮೇಲೆ ಧೈರ್ಯ ಮಾಡಿದರು. ‘ನಗುವ ನಯನ’ಕ್ಕೆ ನಾನು ಅಲ್ಲಾಡಲ್ಲ ಅಂತ ಓನರ್‌ಗೆ ಹೇಳಿಬಿಟ್ಟರು. ಅವತ್ತಿನಿಂದ ಅದೊಂದು ಹಾಡಿಗೆ ಅವರ ಮಾತು ನಡೀತಾ ಇದೆ. ತಂಡದಲ್ಲಿ ಹದಿನೈದು ವರ್ಷ ದುಡಿದ ಮೇಲೆ ಸಿಕ್ಕ ನಾಲ್ಕು ನಿಮಿಷ ಅದು.

ಜಗಲಿ ಮೇಲೆ

2020ರ ಗಣಪತಿ ಹಬ್ಬಕ್ಕೆ ನಮ್ಮ ಕಡೆ ಎಲ್ಲೂ ರಸಮಂಜರಿ ಇರಲಿಲ್ಲ. ಕೊರೊನಾ ಬಂದು ಮಾರ್ಚ್‌ನಿಂದಲೇ ಸ್ಟೇಜು ನಿಂತಿತ್ತು. ಜಾತ್ರೆ ಸೀಸನ್ ಪೂರ್ತಿ ಹೋಯ್ತು. ನನ್ನ ಗೆಳೆಯ ಆಟೊದಲ್ಲಿ ಟೊಮೆಟೊ ತುಂಬಿಕೊಂಡು ಓಣಿ ಓಣಿ ತಿರುಗಿದ. ರಿದಂ ಪ್ಯಾಡ್ ಹುಡುಗ ಗಾರೆ ಕೆಲಸಕ್ಕೆ ಹೋದ. ಅಕ್ಕ ಮಾಸ್ಕ್ ಹೊಲಿದರು. ಜೊತೆಗೆ ಹಾಡ್ತಾ ಇದ್ದ ಗಾಯಕ ಬೆಂಗಳೂರಿಗೆ ಹೋಗಿ ಡೆಲಿವರಿ ಕೆಲಸ ಹಿಡಿದ.

ಎಸ್‌ಪಿಬಿ ಆಗಸ್ಟ್‌ನಿಂದ ಚೆನ್ನೈ ಆಸ್ಪತ್ರೆಯಲ್ಲಿದ್ದರು. ಸೆಪ್ಟೆಂಬರ್ 25ರ ಮಧ್ಯಾಹ್ನ ಹೋಗಿಬಿಟ್ಟರು. ಅವತ್ತು ಶುಕ್ರವಾರ. ಸಂಜೆ ಒಳಗೆ ಎಲ್ಲರ ವಾಟ್ಸ್‌ಆ್ಯಪ್ ಸ್ಟೇಟಸ್ಸಿನಲ್ಲೂ ಅವರದೇ ಹಾಡು. ಬೇರೆ ಕಾಲ ಆಗಿದ್ದರೆ ಊರೂರಲ್ಲಿ ಫೋಟೊ ಇಟ್ಟು, ಮೈಕ್ ಕಟ್ಟಿ, ರಾತ್ರಿಯೆಲ್ಲ ಹಾಡ್ತಾ ಇದ್ದರು. ಆಗ ಜನ ಸೇರೋ ಹಾಗಿರಲಿಲ್ಲ.

ಎರಡು ದಿನ ಬಿಟ್ಟು ಗೆಳೆಯ ಫೋನ್ ಮಾಡಿದ. “ಮನೆ ಹತ್ರ ಬಾ, ಸುದ್ದಿ ಗಿದ್ದಿ ಏನಿಲ್ಲ, ಸುಮ್ನೆ ಬಾ” ಅಂದ. ಹೋದೆ. ಜಗಲಿ ಮೇಲೆ ಕೀಬೋರ್ಡ್ ಇಟ್ಟಿದ್ದ. ಪಕ್ಕದಲ್ಲಿ ಒಂದು ಸಣ್ಣ ಸ್ಪೀಕರ್. ಗೋಡೆಗೆ ಎಸ್‌ಪಿಬಿ ಫೋಟೊ, ಅದಕ್ಕೆ ಒಂದು ಮೊಳ ಕನಕಾಂಬರ. ಅಕ್ಕ ಇದ್ದರು, ರಿದಂ ಹುಡುಗ ಇದ್ದ, ನಾನು, ಗೆಳೆಯನ ಅಮ್ಮ. ಎಲ್ಲ ಸೇರಿ ಆರೇಳು ಜನ, ಮಾಸ್ಕ್ ಹಾಕಿಕೊಂಡು ದೂರ ದೂರ ಕೂತಿದ್ವಿ.

ಗಾಯಕ ಊರಲ್ಲಿಲ್ಲ. ಗಂಡು ದನಿ ಯಾರು ಹಾಡೋದು ಅಂತ ಮಾತು ಬಂತು. ನೀನೇ ಹಾಡು ಅಂತ ಗೆಳೆಯನಿಗೆ ರಿದಂ ಹುಡುಗ ಹೇಳಿದ. ಅವನು ಬೇಡ ಅಂದ. “ಅವರ ಜಾಗ ಹಾಗೇ ಬಿಡೋಣ. ಅಲ್ಲಿ ಬರೀ ಸ್ಟ್ರಿಂಗ್ಸ್ ಹಿಡೀತೀನಿ.”

ಹಾಗೇ ಮಾಡಿದರು. ಎಸ್‌ಪಿಬಿ ಹಾಡೋ ಕಡೆಯೆಲ್ಲ ಬರೀ ಕೀಬೋರ್ಡಿನ ಒಂದು ತೆಳು ಸ್ವರ. ಜಾನಕಮ್ಮನ ಭಾಗ ಬಂದಾಗ ಅಕ್ಕ ಹಾಡಿದರು, ಮಾಸ್ಕ್ ಗಲ್ಲಕ್ಕೆ ಇಳಿಸಿ, ನಿಂತಲ್ಲೇ ನಿಂತು. ಅವರ ಭಾಗ ಮುಗಿದ ಮೇಲೆ ಮತ್ತೆ ಖಾಲಿ. ಆ ಖಾಲಿಯಲ್ಲಿ ನಮ್ಮೆಲ್ಲರ ತಲೆಯೊಳಗೂ ಅವರ ದನಿ ಓಡ್ತಾ ಇತ್ತು. ಅಷ್ಟು ಸಲ ಕೇಳಿರೋ ಹಾಡು, ಒಂದು ಪದವೂ ತಪ್ಪಲಿಲ್ಲ. ಹಾಲು ಹಾಕೋಕೆ ಡೈರಿಗೆ ಹೋಗ್ತಾ ಇದ್ದವರು ಕ್ಯಾನ್ ಕೆಳಗಿಟ್ಟು ರಸ್ತೆಯಲ್ಲೇ ನಿಂತರು. ಯಾರೂ ಚಪ್ಪಾಳೆ ಹೊಡೀಲಿಲ್ಲ. ಗೆಳೆಯನ ಅಮ್ಮ ಎದ್ದು ಹೋಗಿ ಎಲ್ಲರಿಗೂ ಕಾಫಿ ತಂದರು.

ನಾನು ಕೇಳಿದ ಲೈವ್‌ಗಳಲ್ಲಿ ಅದಕ್ಕೆ ಸಮ ಇನ್ನೊಂದಿಲ್ಲ. ರೆಕಾರ್ಡ್ ಮಾಡಿಕೊಳ್ಳಬೇಕು ಅಂತ ಯಾರಿಗೂ ಅನ್ನಿಸಲಿಲ್ಲ.

ಈಗಿನ ತೊಂದರೆ

ಸ್ಟೇಜುಗಳು ವಾಪಸ್ ಬಂದಿವೆ. ಆದ್ರೆ ಸ್ಲೋ ಸಾಂಗಿಗೆ ಜಾಗ ಕಡಿಮೆ ಆಗ್ತಾ ಇದೆ. ಇದನ್ನ ನಾನು ಹತ್ತು ವರ್ಷದಿಂದ ನೋಡ್ತಾ ಬಂದಿದ್ದೀನಿ.

ನಮ್ಮ ಅಪ್ಪನ ಕಾಲದಲ್ಲಿ ಊಟ ಮಾಡಿ, ಚಾಪೆ ಕಂಬಳಿ ಹೊತ್ತುಕೊಂಡು ಹೋಗಿ ಕೂತರೆ ಬೆಳಗಿನ ಜಾವದ ತನಕ ಹಾಡು. ನಡುರಾತ್ರಿ ಮಕ್ಕಳು ಮಲಗಿದ ಮೇಲೆ ನಿಧಾನದ ಹಾಡುಗಳು ಶುರು ಆಗ್ತಾ ಇದ್ದವು. ಈಗ ರಾತ್ರಿ ಹತ್ತಕ್ಕೆ ಮೈಕ್ ಆಫ್. ಶಬ್ದ ಮಾಲಿನ್ಯದ ನಿಯಮ 2000ನೇ ಇಸವಿಯದು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ ಬಯಲಿನಲ್ಲಿ ಧ್ವನಿವರ್ಧಕ ಹಾಕೋ ಹಾಗಿಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ಅಂತ ವರ್ಷಕ್ಕೆ ಹೆಚ್ಚೆಂದರೆ 15 ದಿನ ಹನ್ನೆರಡು ಗಂಟೆ ತನಕ ಬಿಡೋ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ನಿಯಮ ಕೆಟ್ಟದ್ದು ಅಂತ ನಾನು ಹೇಳಲ್ಲ. ಪರೀಕ್ಷೆಗೆ ಓದೋ ಮಕ್ಕಳು, ಹಾಸಿಗೆ ಹಿಡಿದವರು, ಹಸುಗೂಸು ಇರೋ ಮನೆಯವರು ಅದನ್ನ ಬೇಕು ಅಂತಾರೆ, ಸರಿಯಾಗೇ ಇದೆ.

ತೊಂದರೆ ಇರೋದು ಹತ್ತು ಗಂಟೆಯಲ್ಲಲ್ಲ, ಅದಕ್ಕೆ ಮುಂಚಿನ ಹೊತ್ತನ್ನ ಯಾರು ತಿಂತಾರೆ ಅನ್ನೋದರಲ್ಲಿ. ಕರಪತ್ರದಲ್ಲಿ ಆರೂವರೆಗೆ ಕಾರ್ಯಕ್ರಮ ಅಂತ ಇರುತ್ತೆ. ಮುಖ್ಯ ಅತಿಥಿಗಳು ಬರೋದು ಏಳೂಮುಕ್ಕಾಲಿಗೆ. ಸ್ವಾಗತ, ಪ್ರಾಸ್ತಾವಿಕ, ಹಾರ, ಶಾಲು, ಮೈಸೂರು ಪೇಟ. ಹದಿನೆಂಟು ಜನಕ್ಕೆ ಸನ್ಮಾನ. ಒಬ್ಬೊಬ್ಬರ ಮಾತೂ ‘ಎರಡೇ ಮಾತು ಹೇಳ್ತೀನಿ’ ಅಂತ ಶುರು. ಹಾಡಿನವರ ಕೈಗೆ ಮೈಕ್ ಬರೋ ಹೊತ್ತಿಗೆ ಒಂಬತ್ತು. ಉಳಿದಿದ್ದು ಒಂದು ಗಂಟೆ. ಆ ಒಂದು ಗಂಟೆಯಲ್ಲಿ ಗಣೇಶನ ಮೇಲೆ ಒಂದು, ಅಣ್ಣಾವ್ರದ್ದು ಎರಡು, ‘ಸಂತೋಷಕ್ಕೆ’ ಒಂದು, ಈಗಿನ ಹಿಟ್ಟುಗಳು ಐದಾರು. ಓನರ್ ಪೆನ್ ತಗೊಂಡು ಲಿಸ್ಟಿನಲ್ಲಿ ಮೊದಲು ಹೊಡೆಯೋದು ಮೆಲೋಡಿಗಳನ್ನ. ಅವರ ಕಷ್ಟವೂ ಇದೆ. ಜನ ಎದ್ದು ಹೋದರೆ ಮುಂದಿನ ವರ್ಷ ಕಮಿಟಿಯವರು ಡಿಜೆ ಬಾಕ್ಸ್ ತರಿಸ್ತಾರೆ. ಡಿಜೆಗೆ ಹಾಡೋರು ಬೇಕಿಲ್ಲ, ಒಂದು ಲ್ಯಾಪ್‌ಟಾಪ್ ಸಾಕು.

ಕಳೆದ ಗಣಪತಿಗೆ ಒಂದು ಊರಿನಲ್ಲಿ ಹೀಗೇ ಆಯ್ತು. ಲಿಸ್ಟಿನಲ್ಲಿ ‘ನಗುವ ನಯನ’ ಇತ್ತು. ಒಂಬತ್ತೂ ನಲವತ್ತಕ್ಕೆ ಕಾನ್‌ಸ್ಟೇಬಲ್ ಬಂದು ಗಡಿಯಾರ ತೋರಿಸಿ ಹೋದರು. ಓನರ್ ಅದಕ್ಕೆ ಗೀಟು ಎಳೆದರು. ಅಕ್ಕ ಏನೂ ಮಾತಾಡಲಿಲ್ಲ. ಸ್ಟೇಜ್ ಹಿಂದೆ ಹೋಗಿ ನೀರು ಕುಡಿದು ಬಂದರು. “ಈ ಹಾಡೂ ಹೋದ್ರೆ ನನಗಿಲ್ಲಿ ಏನಿದೆ ಸಾರ್, ಹೊಲಿಗೆ ಮಿಷನ್ನೇ ವಾಸಿ” ಅಂತ ಒಂದು ಸಲ ಹೇಳಿದ್ದು ನನಗೆ ನೆನಪಾಯ್ತು.

ಆಗ ಜನರ ಕಡೆಯಿಂದ ಒಂದು ಚೀಟಿ ಬಂತು. ಚೀಟಿ ಪದ್ಧತಿ ನಿಮಗೆ ಗೊತ್ತೇ ಇದೆ. ಬೇಕಾದ ಹಾಡಿನ ಹೆಸರು ಬರೆದು, ನೋಟಿನಲ್ಲಿ ಮಡಚಿ, ಕೈಯಿಂದ ಕೈಗೆ ಸ್ಟೇಜಿಗೆ ಕಳಿಸೋದು. ಇದು ಐವತ್ತು ರೂಪಾಯಿ ನೋಟು. ಚೀಟಿ ಕ್ಯಾಲೆಂಡರಿನ ಹಾಳೆ ಹರಿದದ್ದು. ಕಳಿಸಿದ್ದು ಹಿಂದೆ ಕಲ್ಲು ಬೆಂಚಿನ ಮೇಲೆ ಕೂತಿದ್ದ ಗಂಡ ಹೆಂಡತಿ, ಇಬ್ಬರಿಗೂ ಅರವತ್ತರ ಮೇಲೆ. ದುಡ್ಡು ಇಟ್ಟ ಚೀಟಿಯನ್ನ ಓನರ್‌ಗಳು ತಳ್ಳಿಹಾಕಲ್ಲ, ಅದು ಅಶುಭ ಅಂತ ಅವರ ನಂಬಿಕೆ. ಹಾಡು ವಾಪಸ್ ಲಿಸ್ಟಿಗೆ ಬಂತು.

ಒಂಬತ್ತೂ ಐವತ್ತಕ್ಕೆ ಶುರು ಮಾಡಿದರು. ರಿದಂ ಹುಡುಗ ಪ್ಯಾಡಿನಿಂದ ಕೈ ತೆಗೆದು, ಎರಡು ಬೆರಳಲ್ಲಿ ಮೆತ್ತಗೆ ತಾಳ ಹಿಡಿದ. ಮುಂದೆ ಕುಣೀತಾ ಇದ್ದ ಹುಡುಗರು ಮೊದಲು ‘ಏಯ್’ ಅಂದರು. ಒಂದು ಚರಣ ಮುಗಿಯೋ ಹೊತ್ತಿಗೆ ಅವರಲ್ಲೇ ಒಬ್ಬ ಮೊಬೈಲ್ ಟಾರ್ಚ್ ಹಾಕಿ ಮೇಲೆತ್ತಿದ. ಆಮೇಲೆ ಇನ್ನೊಬ್ಬ. ಕಲ್ಲು ಬೆಂಚಿನ ಮೇಲಿದ್ದವರು ಒಬ್ಬರನ್ನೊಬ್ಬರು ನೋಡಲಿಲ್ಲ, ಸ್ಟೇಜ್ ಕಡೆಗೇ ನೋಡ್ತಾ ಇದ್ದರು. ಹತ್ತಕ್ಕೆ ಐದು ನಿಮಿಷ ಇರುವಾಗ ಹಾಡು ಮುಗೀತು. ಕಾನ್‌ಸ್ಟೇಬಲ್ ಗಣಪತಿ ಪೆಂಡಾಲಿನ ಪಕ್ಕದಲ್ಲೇ ನಿಂತಿದ್ದರು, ಗಡಿಯಾರ ನೋಡಲಿಲ್ಲ.

ಕಮಿಟಿಯವರಿಗೆ, ಕೇಳೋರಿಗೆ

ಇದನ್ನ ಓದ್ತಾ ಇರೋರಲ್ಲಿ ಗಣಪತಿ ಕಮಿಟಿ, ಜಾತ್ರಾ ಕಮಿಟಿ, ಯುವಕ ಸಂಘದವರು ಇರ್ತೀರಿ. ನಿಮ್ಮಲ್ಲಿ ಕೇಳಿಕೊಳ್ಳೋದು ಇಷ್ಟೇ. ಸನ್ಮಾನವನ್ನ ಹದಿನೆಂಟರಿಂದ ಹತ್ತಕ್ಕೆ ಇಳಿಸಿ. ಭಾಷಣ ಎಂಟೂವರೆಗೆ ನಿಲ್ಲಿಸಿ. ಆರ್ಕೆಸ್ಟ್ರಾ ಬುಕ್ ಮಾಡುವಾಗಲೇ, ಎರಡು ನಿಧಾನದ ಹಾಡು ಇರಲೇಬೇಕು, ಟೆಂಪೊ ಎತ್ತಬಾರದು, ಆ ಹಾಡಿಗೆ ಹೆಣ್ಣುಮಕ್ಕಳನ್ನ ಕುಣಿಯಿರಿ ಅನ್ನಬಾರದು ಅಂತ ಓನರ್‌ಗೆ ಹೇಳಿ. ದುಡ್ಡು ಕೊಡೋರು ನೀವು, ನಿಮ್ಮ ಮಾತು ನಡೆಯುತ್ತೆ. ಹಾಡೋರ ಹೆಸರನ್ನ ಕರಪತ್ರದಲ್ಲಿ ಹಾಕಿಸಿ, ಅವರು ಒಪ್ಪಿದರೆ. ಕರಪತ್ರದಲ್ಲಿ ಹೆಸರಿದ್ದರೆ ನಮ್ಮಂಥವರಿಗೂ ಸುದ್ದಿಯಲ್ಲಿ ಸೇರಿಸೋಕೆ ಸುಲಭ.

ಕಮಿಟಿಯಲ್ಲಿ ಇಲ್ಲದವರು ಚೀಟಿ ಕಳಿಸಿ. ‘ನಗುವ ನಯನ’ವೇ ಆಗಬೇಕು ಅಂತಿಲ್ಲ, ನಿಮಗೆ ಇಷ್ಟ ಇರೋ ಯಾವ ನಿಧಾನದ ಹಾಡಾದ್ರೂ ಸರಿ. ಹಾಡಿನ ಹೆಸರು ದಪ್ಪ ಅಕ್ಷರದಲ್ಲಿ ಬರೀರಿ, ಸ್ಟೇಜ್ ಮೇಲೆ ಲೈಟು ಕಣ್ಣಿಗೆ ಹೊಡೀತಾ ಇರುತ್ತೆ. ಒಂಬತ್ತೂವರೆ ಒಳಗೆ ಕಳಿಸಿ. ಹತ್ತೋ ಇಪ್ಪತ್ತೋ, ಕೈಲಾದಷ್ಟು ನೋಟು ಇಡಿ. ಹಾಡು ಶುರು ಆದ ಮೇಲೆ ಪಕ್ಕದವರ ಜೊತೆ ಮಾತಾಡಬೇಡಿ.